ಸಂಜೆಯೇ ಹೂಡಿಟ್ಟ ನೀರೊಲೆ

ಬೆಳಗ್ಗೆ ಗಡಿಬಿಡಿ ಮಾಡುವವರನ್ನು ಕಂಡರೆ ನನಗೆ ಈಗಲೂ ಕನಿಕರಕ್ಕಿಂತ ಸಿಟ್ಟೇ ಹೆಚ್ಚು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಇನ್ನೊಂದನ್ನು ಹುಡುಕುವವರಿಗೆ ಹಿಂದಿನ ಸಂಜೆ ಏನಾಗಿತ್ತು? ಬೆಳಗು ನೆಟ್ಟಗಿರಬೇಕಾದರೆ ಸಂಜೆ ಮೈ ಬಗ್ಗಿಸಬೇಕು, ಅಷ್ಟೇ. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಕೇಳದೆ ಹೋದದ್ದಕ್ಕೆ ನಮ್ಮತ್ತೆಯ ತಾಮ್ರದ ಹಂಡೆ ಬಲಿಯಾಯಿತು, ಅದು ಬೇರೆ ಮಾತು.

ತೊಂಬತ್ತರ ದಶಕದ ನಡುವೆ ನಾನು ಮದುವೆಯಾಗಿ ಗುಬ್ಬಿಗೆ ಬಂದೆ. ತುಮಕೂರಿನ ಒಂದು ಶಾಲೆಯಲ್ಲಿ ಟೀಚರಾಗಿದ್ದೆ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗುಬ್ಬಿಯಿಂದ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ, ಮಕ್ಕಳ ಪ್ರಾರ್ಥನೆ ಮುಗಿದ ಹೊತ್ತಿಗೆ ಗೇಟಿನೊಳಗೆ ನುಸುಳುವುದೇ ಅಭ್ಯಾಸವಾಯಿತು. ಹೆಡ್‌ಮಿಸ್ಸು ಒಂದು ದಿನ ಕರೆದು, "ಇನ್ನೊಂದ್ ಸಲ ಲೇಟಾದ್ರೆ ನಿಮ್ ಜಾಗಕ್ಕೆ ಬೇರೆಯವ್ರನ್ನ ತಗೋತೀವಿ" ಎಂದರು. ಆ ಕೆಲಸ ನನ್ನ ಪ್ರಾಣ. ಅದಿಲ್ಲದೆ ಮನೆಯಲ್ಲಿ ಕೂತ ನನ್ನನ್ನು ಊಹಿಸಿಕೊಂಡರೇ ಹೆದರಿಕೆಯಾಗುತ್ತಿತ್ತು.

ತಡವಾಗುತ್ತಿದ್ದದ್ದು ಬಚ್ಚಲುಮನೆಯಲ್ಲಿ. ನಮ್ಮದು ಲಿಂಗಪೂಜೆಯ ಮನೆ. ಸ್ನಾನ, ಪೂಜೆ ಆಗದೆ ಅಡುಗೆಯ ಒಲೆ ಮುಟ್ಟುವಂತಿಲ್ಲ. ಸ್ನಾನಕ್ಕೆ ಹಂಡೆ ತುಂಬಬೇಕು, ಹಂಡೆಯ ಕೆಳಗೆ ನೀರೊಲೆ ಹತ್ತಬೇಕು. ಇಬ್ಬನಿಗೆ ನೆನೆದ ತೆಂಗಿನ ಮಟ್ಟೆ ಬರೀ ಹೊಗೆ ಕಾರುತ್ತ ಕೂತರೆ ಬಸ್ಸಿನವನು ಕಾಯುತ್ತಾನೆಯೇ? ಇಷ್ಟಾದರೂ ಅತ್ತೆ ಸಂಜೆ ಒಂದು ಕಡ್ಡಿ ಎತ್ತಿಡಲೂ ಬಿಡುತ್ತಿರಲಿಲ್ಲ. ತರಕಾರಿ ಹೆಚ್ಚಿಡಲು ಹೋದರೆ, "ಬುಡು, ಬೆಳಗಿನ ಕೆಲ್ಸ ಬೆಳಗ್ಗೆ" ಎಂದು ಈಳಿಗೆಮಣೆ ಮಡಚಿಬಿಡುತ್ತಿದ್ದರು. ಅವರು ಸೋಮಾರಿಯಂತೂ ಅಲ್ಲ. ಇದು ಬರೀ ಹಠ ಎಂದುಕೊಂಡೆ. ಹಠದಲ್ಲಿ ನಾನೇನು ಕಡಿಮೆಯೆ?

ಎದುರು ಮಾತಾಡದೆ ಸಾಧಿಸುವ ದಾರಿ ಹಿಡಿದೆ. ಒಂದು ಸಂಜೆ ಅತ್ತೆ ಜಗಲಿಯಲ್ಲಿ ಪಕ್ಕದ ಮನೆಯವರೊಂದಿಗೆ ಮಾತಿಗೆ ಕೂತಿದ್ದಾಗ ಹಂಡೆಯನ್ನು ಕಂಠಪೂರ್ತಿ ತುಂಬಿದೆ. ಒಲೆಗೆ ಮೊದಲು ಒಣಗರಿ, ಅದರ ಮೇಲೆ ತೆಂಗಿನ ಚಿಪ್ಪು, ಮೇಲೆ ಚೆನ್ನಾಗಿ ಒಣಗಿದ ಮಟ್ಟೆ ಹೂಡಿದೆ. ಬೆಂಕಿಪೊಟ್ಟಣವನ್ನು ಕೈಗೆ ಸಿಗುವಂತೆ ಗೂಡಿನಲ್ಲಿಟ್ಟೆ. ಚಿತ್ರಾನ್ನಕ್ಕೆ ಒಗ್ಗರಣೆ ಮಾಡಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಕ್ಕಿ ಪಾತ್ರೆಯ ಹಿಂದೆ ಬಚ್ಚಿಟ್ಟೆ. ಅವತ್ತು ಎಷ್ಟು ಸುಖವಾಗಿ ನಿದ್ದೆ ಬಂತೆಂದರೆ, ರಾಜ್ಯ ಗೆದ್ದವರಿಗೂ ಬಂದಿರಲಾರದು.

ಬೆಳಗಿನ ಮಬ್ಬಿನಲ್ಲಿ ಒಂದೇ ಕಡ್ಡಿ ಗೀರಿದೆ. ಒಲೆ ಭಗ್ಗೆಂದು ಹತ್ತಿತು. ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತೆ.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಅತ್ತೆ ನನಗಿಂತ ಮೊದಲೇ ಎದ್ದು, ತುಂಬಿದ ಹಂಡೆ ನೋಡಿ, ರಾತ್ರಿಯೆಲ್ಲ ನಿಂತ ನೀರು ಪೂಜೆಯ ಸ್ನಾನಕ್ಕೆ ಬರುವುದಿಲ್ಲವೆಂದು ಚೊಂಬಿನಲ್ಲಿ ಮೊಗೆಮೊಗೆದು ದಾಸವಾಳದ ಗಿಡಕ್ಕೆ ಸುರಿದಿದ್ದರು. ಮುಚ್ಚಳ ಮುಚ್ಚಿ, ಹೂವು ಕಿತ್ತು ಬಂದ ಮೇಲೆ ಹೊಸ ನೀರು ತುಂಬಿದರಾಯಿತೆಂದು ಹಿತ್ತಲಿಗೆ ಹೋಗಿದ್ದರು. ನನಗೆ ಒಂದು ಮಾತು ಹೇಳಿರಲಿಲ್ಲ. ಎದುರು ಮಾತಾಡದೆ ಸಾಧಿಸುವುದರಲ್ಲಿ ಅವರು ನನಗಿಂತ ಹಳಬರು.

ಹೂವು ಕಿತ್ತು ವಾಪಸು ಬಂದವರು ಬರಿಯ ಹಂಡೆಯ ಕೆಳಗೆ ಉರಿ ಕಂಡು, "ಅಯ್ಯೋ ಶಿವನೇ!" ಎಂದು ಬಕೆಟ್ಟಿನ ತಣ್ಣೀರನ್ನು ಹಂಡೆಗೆ ಸುರಿದೇಬಿಟ್ಟರು. ಚೊಂಯ್ ಎಂದು ಸದ್ದಾಯಿತು. ತಳದ ಬೆಸುಗೆ ಬಿಟ್ಟು ನೀರೆಲ್ಲ ಒಲೆಗೆ ಇಳಿಯಿತು. ಎದ್ದ ಬೂದಿ ಅತ್ತೆ ಸೊಸೆ ಇಬ್ಬರ ಮುಖಕ್ಕೂ ಮೆತ್ತಿಕೊಂಡಿತು. ನನ್ನ ಗಂಡ ಇಣುಕಿ ನೋಡಿ, ಸದ್ದಿಲ್ಲದೆ ವಾಪಸು ಹೋಗಿ ಹೊದ್ದು ಮಲಗಿದರು. ಜಾಣರು.

ಅದು ಅತ್ತೆ ಅಮೃತೂರಿನ ತವರಿನಿಂದ ತಂದ ಹಂಡೆ. ಕೆಲಸ ಬಿಡು ಎನ್ನುತ್ತಾರೆಂದು ನಾನೂ ಉತ್ತರ ರೆಡಿ ಮಾಡಿಕೊಂಡೇ ನಿಂತೆ. ಅವರು ಗೋಡೆಯ ಗಡಿಯಾರ ನೋಡಿದರು. "ನಿನ್ ಬಸ್ಸು ಎಷ್ಟೊತ್ತಿಗೆ?" ಎಂದರು. ಹೇಳಿದೆ. ಬೂದಿಯ ಮುಖದಲ್ಲೇ ನೇರ ಅಡುಗೆಮನೆಗೆ ನಡೆದು ಗ್ಯಾಸ್ ಹಚ್ಚಿದರು.

"ಅತ್ತೆ, ಸ್ನಾನ ಆಗಿಲ್ಲ, ಪೂಜೆ ಆಗಿಲ್ಲ!" ನಾನೇ ಕೂಗಿದೆ.

"ಶಿವ ಎಲ್ಲೂ ಹೋಗಲ್ಲ ಕಣೇ, ಬಸ್ಸು ಹೊಂಟೋಯ್ತದೆ. ಮುಖ ತೊಳ್ಕೋ ಹೋಗು, ಅನ್ನಕ್ಕಿಡ್ತೀನಿ."

ಪ್ರಾರ್ಥನೆಯ ಬೆಲ್ಲಿಗೆ ಮುಂಚೆಯೇ ಶಾಲೆಯಲ್ಲಿದ್ದೆ. ಅಂದು ಉಳಿದುಕೊಂಡ ಕೆಲಸ ಮುಂದೆ ಕಾಯಂ ಆಯಿತು.

ಅವತ್ತು ಸಂಜೆ ಬಂದು, "ತುಮಕೂರಿಂದ ಬೇರೆ ಹಂಡೆ ತರೋಣ ಅತ್ತೆ" ಎಂದೆ. ಅವರು ನಡುಮನೆಯ ಗೋಡೆಯಲ್ಲಿದ್ದ ಒಂದು ಗೂಟ ತೋರಿಸಿದರು. ಅದಕ್ಕೆ ಯಾರೂ ಏನೂ ತೂಗುಹಾಕುತ್ತಿರಲಿಲ್ಲ.

"ನಿಮ್ ಮಾವ ಕುಣಿಗಲ್‌ಗೆ ಹೋಗ್ಬೇಕು ಅಂತ ಸಂಜೆನೇ ಅಂಗಿ ಪಂಚೆ ಇಸ್ತ್ರಿ ಮಾಡ್ಸಿ ಅಲ್ಲಿ ಹಾಕಿದ್ರು. ನಾನು ಬುತ್ತಿಗೆ ಅಂತ ರೊಟ್ಟಿ ತಟ್ಟಿಟ್ಟಿದ್ದೆ. ಬೆಳಗ್ಗೆ ಅವರು ಏಳ್ಲೇ ಇಲ್ಲ. ಎತ್ತಿಟ್ಟಿದ್ದನ್ನೆಲ್ಲ ನಾನೊಬ್ಳೇ ವಾಪಸ್ ಒಳಗಿಟ್ಟೆ ಕಣಮ್ಮ. ಅವತ್ತಿಂದ ಸಂಜೆ ಏನೂ ಎತ್ತಿಡಕ್ಕೆ ಕೈ ಬರಲ್ಲ ನಂಗೆ."

ನನಗೆ ಅಳು ಬಂತು. ಅವರು ಅಳಲಿಲ್ಲ. "ನಾಳಿಕೆ ಯಾವ ಸೀರೆ ಉಡ್ತೀಯಾ?" ಎಂದರು.

"ನೀಲಿದು."

ನೀಲಿ ಸೀರೆ ಒದರಿ, ಮಡಿಕೆ ಸರಿಮಾಡಿ, ಅವರೇ ಆ ಗೂಟಕ್ಕೆ ಹಾಕಿದರು. ಬೆಳಗ್ಗೆ ಕತ್ತಲಿರುವಾಗಲೇ ನಮ್ಮ ರೂಮಿನ ಬಾಗಿಲು ತಟ್ಟಿದರು. "ಎದ್ದಿದೀನಿ ಅತ್ತೆ" ಎಂದು ನಾನು ಒಳಗಿಂದ ಹೇಳುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.