ಆಲೂರಿನವರೆಗೆ ಹೇಳದ ಮಾತು

ವನಗೂರಿನಿಂದ ಬೆಳಗಿನ ಜೀಪು ಹೊರಟಾಗ ನಾನು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಅವ್ವ ಬಿಟ್ಟಿರಲಿಲ್ಲ. ದೊಡ್ಡ ಊರಿನಲ್ಲಿ ಪರೀಕ್ಷೆ ಮಾಡಿಸುವುದೆಂದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದೇ ನಮ್ಮ ಕಡೆಯವರ ತಿಳಿವಳಿಕೆ. ಅಪ್ಪ ಬದುಕಿದ್ದಾಗ ಸಕ್ಕರೆ ಕಾಯಿಲೆಗೆ ರಕ್ತ ಕೊಡಲು ಹಾಗೆಯೇ ಹೋಗುತ್ತಿದ್ದರು. ಸ್ಕ್ಯಾನಿಂಗ್ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿಸಿಕೊಂಡಿರಲಿಲ್ಲ. ಆದ್ದರಿಂದ ಅದಕ್ಕೂ ಅದೇ ಕಟ್ಟಳೆ ಆಯಿತು. "ನೀರೂ ಮುಟ್ಬೇಡ ಕಣವ್ವ. ಅಷ್ಟು ದೂರ ಹೋದ್ಮೇಲೆ ವಾಪಸ್ ಕಳುಸ್ಬುಟ್ರೆ?" ಎಂದಳು.

ತೊಂಬತ್ತರ ದಶಕದ ಕೊನೆಯ ಮಾತು. ಕಾಫಿ ಕೊಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗುತ್ತಿತ್ತು. ನನಗೆ ಇಪ್ಪತ್ಮೂರು ವರ್ಷ. ಎರಡು ವರ್ಷದಿಂದ ಎಡಗಡೆ ಕಿಬ್ಬೊಟ್ಟೆಯಲ್ಲಿ ನೋವು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದದ್ದು ಆಮೇಲೆ ಯಾವಾಗ ಬೇಕಾದರೂ ಬರತೊಡಗಿತು. ಒಂದು ಸಲ ಗಿಡದ ಸಾಲಿನ ನಡುವೆಯೇ ಕುಸಿದು, ಕುಕ್ಕೆಯ ಹಣ್ಣೆಲ್ಲ ಚೆಲ್ಲಿ ಕೂತಿದ್ದೆ. ಅವ್ವ ಉಷ್ಣ ಎಂದಳು, ಜೀರಿಗೆ ಕಷಾಯ ಕೊಟ್ಟಳು. ಸಕಲೇಶಪುರದಲ್ಲಿ ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಎಂದರು, ಇನ್ನೊಬ್ಬರು ಮದುವೆಯಾದರೆ ಸರಿಹೋಗುತ್ತದೆ ಎಂದರು. ಮೂರನೆಯವರು ಹೊಟ್ಟೆಯನ್ನು ಒತ್ತಿ ನೋಡಿ, ಮುಖ ಗಂಟು ಹಾಕಿ, ಹಾಸನಕ್ಕೆ ಹೋಗಿ ಎಂದರು. ಯಾಕೆಂದು ಹೇಳಲಿಲ್ಲ. ನಮ್ಮ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಹೊಟ್ಟೆಯ ಗಡ್ಡೆಯಿಂದಲೇ ತೀರಿಕೊಂಡಿದ್ದರು. ಅದು ಕ್ಯಾನ್ಸರ್ ಎಂದು ಆಮೇಲೆ ಗೊತ್ತಾಯಿತು. ನನಗೆ ಬೇಕಾಗಿದ್ದುದು ಒಂದೇ ಉತ್ತರ: ಇದು ಅದೋ, ಅಲ್ಲವೋ.

ಜೊತೆಗೆ ಬಂದವನು ಅಣ್ಣ. ಜೀಪಿನಲ್ಲಿ ಮುಂದಿನ ಸೀಟು ಹಿಡಿದುಕೊಟ್ಟ. ಹೆತ್ತೂರಿನವರೆಗೆ ಪ್ರತಿ ತಿರುವಿನಲ್ಲೂ ನಾನು ಡ್ಯಾಶ್‌ಬೋರ್ಡಿಗೆ ಎರಡೂ ಕೈ ಕೊಟ್ಟು ಕೂತಿದ್ದೆ. ಕುಲುಕಾಟ ನೇರ ನೋವಿನ ಜಾಗಕ್ಕೇ ಬಂದು ತಾಗುತ್ತಿತ್ತು. ಸಕಲೇಶಪುರದಲ್ಲಿ ಬಸ್ಸು ಬದಲಿಸಿದೆವು. ಬಾಳ್ಳುಪೇಟೆ ದಾಟಿದ ಮೇಲೆ ರಸ್ತೆ ನೆಟ್ಟಗಾಯಿತು, ಬಿಸಿಲು ಏರಿತು, ನಾಲಗೆ ಅಂಟತೊಡಗಿತು.

ಹಾಸನದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನರ್ಸು ಮೊದಲು ಕೇಳಿದ್ದು, "ಮೂತ್ರ ಬರೋ ಹಾಗಿದೆಯಾ?" ಇಲ್ಲ ಎಂದೆ. ನೀರೂ ಕುಡಿದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದೆ. ಆಕೆ ತಲೆ ಚಚ್ಚಿಕೊಂಡರು. ಹೊಟ್ಟೆ ತುಂಬ ನೀರು ಕುಡಿದು, ತಡೆಯಲಾರದಷ್ಟು ಆದ ಮೇಲೆ ಬರಬೇಕಂತೆ. ಇಲ್ಲದಿದ್ದರೆ ಒಳಗಿನದು ಏನೂ ಕಾಣುವುದಿಲ್ಲವಂತೆ. ಹಿತ್ತಿಲಿನ ನಲ್ಲಿಯಲ್ಲಿ ಲೋಟದ ಮೇಲೆ ಲೋಟ ಕುಡಿದೆ. ಖಾಲಿ ಹೊಟ್ಟೆಗೆ ಬಿದ್ದ ನೀರು ಅರ್ಧ ವಾಂತಿಯಾಯಿತು. ಮತ್ತೆ ಕುಡಿದೆ. ನನಗಿಂತ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಬಂದರು. ಕೊನೆಗೆ ನನ್ನನ್ನು ಮಲಗಿಸಿದಾಗ ಡಾಕ್ಟರಮ್ಮ ಗಡಿಯಾರ ನೋಡುತ್ತಿದ್ದರು. ಅವರಿಗೆ ಬೇರೆ ಆಸ್ಪತ್ರೆಯಲ್ಲಿ ಹೆರಿಗೆಯೊಂದು ಕಾದಿತ್ತು. ತಣ್ಣನೆಯ ಅಂಟು ಹಚ್ಚಿ, ತುಂಬಿದ ಹೊಟ್ಟೆಯ ಮೇಲೆ ಯಂತ್ರದ ಹಿಡಿ ಒತ್ತಿದರು. ಪಕ್ಕದಲ್ಲಿ ಕೂತಿದ್ದ ಹುಡುಗಿಯಿಂದ ಇಂಗ್ಲಿಷಿನಲ್ಲಿ ಅಳತೆ ಬರೆಸಿದರು.

"ಏನೈತೆ ಮೇಡಂ?" ಎಂದೆ.

"ಎದ್ದು ಹೋಗಿ ಬಾ. ಆಮೇಲೆ ಹೇಳ್ತೀನಿ," ಎಂದರು.

ಪಾಯಖಾನೆ ಹಿತ್ತಿಲಿನ ಕೊನೆಯಲ್ಲಿತ್ತು, ಮುಂದೆ ಸಾಲು ಇತ್ತು. ನಾನು ವಾಪಸು ಬರುವಷ್ಟರಲ್ಲಿ ಅವರ ಕಾರು ಗೇಟು ದಾಟುತ್ತಿತ್ತು. ಹೇಳಬೇಕಾದದ್ದನ್ನು ಬಾಗಿಲಲ್ಲೇ ನಿಂತು ಅಣ್ಣನಿಗೆ ಹೇಳಿ ಹೋಗಿದ್ದರು.

ಏನಂದರು ಎಂದು ಕೇಳಿದೆ. "ಏನಿಲ್ಲ ನಡಿ," ಎಂದ. ಹೋಟೆಲಿನಲ್ಲಿ ಕೇಳಿದೆ, ಪಕ್ಕದಲ್ಲಿ ಜನ ಇದ್ದಾರೆ ಎಂದ. ನನ್ನ ಮುಖ ನೋಡದೆ ಇಡ್ಲಿಗೆ ಸಾಂಬಾರು ಸುರಿದುಕೊಂಡ. ಅದೇ ಇರಬೇಕು, ಅದಕ್ಕೇ ಹೇಳುತ್ತಿಲ್ಲ ಎಂದುಕೊಂಡೆ.

ಸಕಲೇಶಪುರದ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ನಾನು ಕೂತೆ, ಅಣ್ಣ ಪಕ್ಕದಲ್ಲಿ ನಿಂತ. ಬಸ್ಸು ಹೊರಡುವ ಮುಂಚೆ ದೊಡ್ಡ ರುಮಾಲಿನವರೊಬ್ಬರು ಹತ್ತಿದರು. ಕುಂದೂರಿನವರು. ಅವರ ಅಕ್ಕನ ಮಗನಿಗೆ ನನ್ನನ್ನು ಕೊಡುವ ಮಾತು ನಡೆದಿತ್ತು. ಮುಂದಿನ ವಾರ ನೋಡಲು ಬರುವವರಿದ್ದರು.

"ಏನ್ ಮಾರಾಯ, ತಂಗೀನ್ ಕರ್ಕಂಡು ಹಾಸನ ಸವಾರಿ?"

"ಸೀರೆ ನೋಡಣ ಅಂತ ಬಂದಿದ್ವಿ ಮಾವ."

"ಸೀರೆ ಎಲ್ಲೋ? ಕೈಲಿ ಒಂದು ಚೀಲನೂ ಕಾಣೆ."

"ಇವಳು ಯಾವುದನ್ನೂ ಒಪ್ಪಲಿಲ್ಲ."

ಅವರು ನಕ್ಕರು. "ಅಷ್ಟು ನಾಜೂಕಾ? ನಮ್ಮ ಹುಡುಗನ್ನಾದ್ರೂ ಒಪ್ತಾಳೋ ಕೇಳಿಟ್ಕೊ."

ಸುತ್ತಲಿನವರೂ ನಕ್ಕರು. ಅಣ್ಣನೂ ನಕ್ಕ. ಆ ನಗು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ದನಿ ಏರಿಸದೆ ಹೇಳಿದೆ: "ಸೀರೆಗಲ್ಲ ಮಾವ, ಸ್ಕ್ಯಾನಿಂಗಿಗೆ ಬಂದಿದ್ವಿ. ನನ್ ಹೊಟ್ಟೇಲಿ ಏನೋ ಐತೆ. ಏನಂತ ಅಣ್ಣಂಗೆ ಗೊತ್ತು, ನಂಗೆ ಹೇಳ್ತಿಲ್ಲ."

ಅವರು ಅಣ್ಣನನ್ನು ನೋಡಿದರು, ಆಮೇಲೆ ಕಿಟಕಿಯಾಚೆ ನೋಡಿದರು. ಆಲೂರಿನಲ್ಲಿ ಇಳಿಯುವಾಗ, "ಹುಷಾರು ನೋಡ್ಕೊಳಪ್ಪ," ಎಂದರು. ಮುಂದಿನ ವಾರ ನೋಡಲು ಯಾರೂ ಬರುವುದಿಲ್ಲ ಎಂಬುದು ಅಣ್ಣನಿಗೂ ಅರ್ಥವಾಯಿತು, ನನಗೂ ಅರ್ಥವಾಯಿತು.

ಬಸ್ಸು ಹೊರಟಿತು. ಅಣ್ಣ ನನ್ನ ಕಡೆ ಬಗ್ಗಿದ.

"ಎಡಗಡೆ ಅಂಡಾಶಯದಾಗೆ ಗುಳ್ಳೆ ಐತಂತೆ, ಕಿತ್ಲೆಹಣ್ಣಿನ ಗಾತ್ರ. ಕ್ಯಾನ್ಸರ್ ಥರ ಕಾಣ್ಸಲ್ವಂತೆ. ಆಪರೇಷನ್ ಮಾಡುಸ್ಬೇಕಂತೆ, ತಡ ಮಾಡುದ್ರೆ ತಿರುಚ್ಕಳ್ತದಂತೆ. ಬಲಗಡೆದು ಚೆನ್ನಾಗೈತೆ, ಮಕ್ಕಳಾಗ್ತವಂತೆ. ಮದ್ವೆ ಒಂದು ಆಗ್ಬುಡ್ಲಿ, ಆಮೇಲೆ ನೋಡಣ ಅಂತಿದ್ದೆ. ಸಾಕಾ ಈಗ?"

"ಸಾಕು," ಎಂದೆ.

ಕ್ಯಾನ್ಸರ್ ಅಲ್ಲ ಎಂಬ ಆ ಒಂದು ಮಾತನ್ನು ಹೋಟೆಲಿನಲ್ಲಿ ಹೇಳಬಹುದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹೇಳಬಹುದಿತ್ತು. ನನ್ನ ಕಿವಿಯಲ್ಲಿ ಹೇಳಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ನಾನು ಸಾಯುತ್ತೇನೆಂದು ಎಣಿಸಿಕೊಂಡು ಕೂತಿದ್ದಾಗ ಅವನು ಸೀರೆಯ ಮಾತಾಡಿದ್ದ.

ಸಕಲೇಶಪುರದಿಂದ ಜೀಪಿನಲ್ಲಿ ಅವನು ಹಿಂದೆ ಕೂತ, ನಾನು ಮುಂದೆ. ಹೆತ್ತೂರು ಬಿಟ್ಟ ಮೇಲೆ ಏರು ಶುರುವಾಯಿತು. ನೋವು ಬೆಳಿಗ್ಗೆ ಇದ್ದಷ್ಟೇ ಇತ್ತು, ಅದೇ ಜಾಗದಲ್ಲಿತ್ತು.

ಅವ್ವ ಅಂಗಳಕ್ಕೇ ಬಂದು ನಿಂತಿದ್ದಳು. ಕೇಳಿದ್ದು ನನ್ನನ್ನಲ್ಲ, ಅಣ್ಣನನ್ನು. "ಅವಳ್ನೇ ಕೇಳು. ಬಸ್ಸಿನೋರ್ಗೆಲ್ಲ ಹೇಳವ್ಳೆ," ಎಂದು ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.

ನಾನು ಹೇಳಿದೆ. ಗುಳ್ಳೆ ಎಂದಾಗ ತಲೆಯಾಡಿಸಿದಳು, ಆಪರೇಷನ್ ಎಂದಾಗ ಜಗಲಿಯ ಕಂಬ ಹಿಡಿದಳು. ಇನ್ನೊಂದು ಪದಕ್ಕೆ ಬಾಯಿ ತೆರೆದಾಗ, ಮನೆಯಲ್ಲಿ ಆ ಕಾಯಿಲೆಯ ಹೆಸರೆತ್ತಬೇಡವೆಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅಲ್ಲ ಎನ್ನುವುದಕ್ಕಾದರೂ ಆ ಹೆಸರು ಹೇಳಲೇಬೇಕಿತ್ತು. ಅವಳ ಕೈ ಸರಿಸಿ ಹೇಳಿದೆ.