ಗರಗಸದ ಬಾಯಿಂದ ಪಾರಾದ ರೇಡಿಯೊ

ಬೀದಿಯವರೆಲ್ಲ ಅವರನ್ನು ರೇಡಿಯೊ ಅತ್ತೆ ಎಂದೇ ಕರೆಯುತ್ತಾರೆ. ಅವರ ರಿಪೇರಿ ಅಂಗಡಿಗೆ ರೇಡಿಯೊ ಬಂದು ಎಷ್ಟೋ ಕಾಲವಾಯಿತು. ಈಗ ಬರುವುದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ತಿರುಗಲು ಮುನಿಸಿಕೊಂಡ ಫ್ಯಾನು. ಆದರೂ ಅಪ್ಪನ ಸೋಲ್ಡರಿಂಗ್ ಐರನ್ ಮೇಜಿನ ಬಲಗಡೆಯೇ ಇರಬೇಕು. ಯಾರಾದರೂ ಎಡಕ್ಕಿಟ್ಟರೆ ಅಂದಿನ ದಿನವೇ ಕೆಟ್ಟಂತೆ.

ಅಪ್ಪ ಅಂಗಡಿಯನ್ನು ಮಗಳಿಗೆ ಬಿಟ್ಟರು, ತಮ್ಮ ಹಳೇ ಕಪ್ಪು ಕಾರನ್ನು ಮಗನಿಗೆ. ಅವನು ಅದನ್ನು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಾನೆ. ಕಾರಿನ ಜತೆಗೇ ಬಂದ ರೇಡಿಯೊವನ್ನು ಅಪ್ಪ ಕೊನೆಯವರೆಗೂ ತಾವೇ ರಿಪೇರಿ ಮಾಡುತ್ತಿದ್ದರು. ಮಗಳು ಕೆಲಸ ಕಲಿತದ್ದೂ ಅದರ ಮೇಲೆಯೇ.

ಕಳೆದ ತಿಂಗಳು ಮದುಮಗಳ ತಂದೆಯೊಬ್ಬರು, ಮಗಳ ಇಷ್ಟದ ಹಾಡುಗಳು ಫೋನಿನಿಂದ ಕಾರಿನಲ್ಲಿ ಕೇಳಬೇಕು ಎಂದರು. ಅತ್ತೆಯ ತಮ್ಮ ಹೊಸ ಮ್ಯೂಸಿಕ್ ಸೆಟ್ ತಂದ. ಅದು ಹಳೇ ರೇಡಿಯೊದ ಕಿಂಡಿಯಲ್ಲಿ ಕೂರಲಿಲ್ಲ. ಅವನು ಡ್ಯಾಶ್‌ಬೋರ್ಡ್ ಕೊಯ್ಯಲು ಗರಗಸ ಎತ್ತುವಾಗಲೇ ಅಕ್ಕ ಶೆಡ್ಡಿಗೆ ಬಂದರು.

“ಅಪ್ಪನ ಹೊಟ್ಟೆ ಕುಯ್ತಾ ಇದ್ದೀಯೇನೋ?”

“ಅಪ್ಪ ಅಲ್ಲ ಅಕ್ಕ, ತಗಡು. ಗಿರಾಕಿ ಕೈಬಿಟ್ರೆ ನೀನು ಊಟ ಹಾಕ್ತೀಯಾ?”

“ಇಷ್ಟು ವರ್ಷ ಹಾಕಿಲ್ವಾ? ಸಂಜೆವರೆಗೆ ಬಿಡು. ಆಗ್ಲಿಲ್ಲ ಅಂದ್ರೆ ನಾನೇ ಕುಯ್ದು ಕೊಡ್ತೀನಿ.”

ಅವರು ರೇಡಿಯೊ ಬಿಚ್ಚಿ, ಫೋನಿಗೆ ಸಿಕ್ಕಿಸುವ ತಂತಿಯೊಂದನ್ನು ವಾಲ್ಯೂಮ್ ಗುಂಡಿಯ ಹಿಂಭಾಗಕ್ಕೆ ಬೆಸೆದರು. ಹಾಡು ಫೋನಿನದು, ದನಿ ಹಳೇ ಸ್ಪೀಕರಿನದು, ತಿರುಗಿಸುವುದು ಅಪ್ಪ ತಿರುಗಿಸುತ್ತಿದ್ದ ಗುಂಡಿಯನ್ನೇ. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಫೋನು ದಾರಿಯಲ್ಲಿ ಕೈಕೊಟ್ಟರೆ ಎಂದು ಚಾರ್ಜರನ್ನೂ ಜೋಡಿಸಿದರು. ಕಪ್ಪು ತಂತಿ, ಅಂದರೆ ಮೈನಸ್, ಕಾರಿನ ತಗಡು ಮೈಗೆ. ಈಗಿನ ಕಾರುಗಳಿಗೆಲ್ಲ ಹಾಗೆಯೇ. ಸ್ವಿಚ್ ಒತ್ತಿದ್ದೇ ತಡ, ಚಟ್ಟೆಂದು ಫ್ಯೂಸ್ ಹಾರಿತು.

“ಮುಗೀತಲ್ಲ ಕಥೆ,” ಎಂದ ತಮ್ಮ.

ಅಕ್ಕ ಹಣೆ ಚಚ್ಚಿಕೊಂಡರು. ಈ ಕಾರು ಉಲ್ಟಾ. ಇದರ ಮೈಗೆ ಕೂಡಿಸಿರುವುದು ಬ್ಯಾಟರಿಯ ಪ್ಲಸ್ ತುದಿಯನ್ನು. ಚಿಕ್ಕಂದಿನಲ್ಲಿ ಅಪ್ಪ ಅವರಿಂದ ಬಾಯಿಪಾಠ ಮಾಡಿಸಿದ್ದೇ ಅದನ್ನು. ಹೊಸ ಕಾರುಗಳಿಗೆ ಪಳಗಿದ ಕೈ ಮರೆತುಬಿಟ್ಟಿತ್ತು. ಚಾರ್ಜರನ್ನು ಕಿತ್ತೆಸೆದು, ಫೋನು ತನ್ನ ಬ್ಯಾಟರಿಯಲ್ಲೇ ಹಾಡಲಿ ಎಂದರು. ಹೊಸ ಫ್ಯೂಸ್ ಹಾಕಿ, ತಮ್ಮನ ಫೋನನ್ನು ತಂತಿಗೆ ಸಿಕ್ಕಿಸಿ, ರೇಡಿಯೊ ಆನ್ ಮಾಡಿದರು.

ಸದ್ದಿಲ್ಲ. ತಮ್ಮನ ಕೈ ಮತ್ತೆ ಗರಗಸದ ಕಡೆ ಹೋಯಿತು.

“ತಡಿಯೋ, ಒಳಗಿನ ಗಾಜಿನ ವಾಲ್ವ್ ಬಿಸಿಯಾಗ್ಬೇಕು. ಇದೂ ಅಪ್ಪನ ಹಾಗೇನೇ, ಎದ್ದ ತಕ್ಷಣ ಮಾತಾಡಲ್ಲ.”

ಮೊದಲು ಗುಂಯ್ ಎಂಬ ಸದ್ದು. ಅದರ ಬೆನ್ನಿಗೇ ಫೋನಿನ ರಿಂಗು, ಶೆಡ್ಡಿನ ತಗಡೇ ಅದುರುವಂತೆ. ಕರೆ ಮಾಡಿದ್ದು ಅದೇ ಗಿರಾಕಿ, ಮದುಮಗಳ ತಂದೆ. ತಮ್ಮ ಕರೆ ಎತ್ತಿದ.

“ಹೊಸ ಸೆಟ್ ಕೂರಿಸಿದ್ರಾ?” ಡ್ಯಾಶ್‌ಬೋರ್ಡ್ ಕೇಳಿತು.

ತಮ್ಮ ಅಕ್ಕನ ಮುಖ ನೋಡಿದ. “ಇಲ್ಲ ಸಾರ್. ನೀವೀಗ ಹಳೇ ರೇಡಿಯೊದಲ್ಲೇ ಮಾತಾಡ್ತಾ ಇದ್ದೀರ.”

“ರೈಲು ಬಿಡಬೇಡಿ.”

ಅಕ್ಕ ಫೋನಿನತ್ತ ಬಾಗಿದರು. “ನಿಮ್ಮ ದನಿ ಸ್ವಲ್ಪ ಜೋರಾಯ್ತು. ಕಡಿಮೆ ಮಾಡ್ಲಾ?”

ಸ್ಪೀಕರಿನೊಳಗಿಂದ ನಗು ಉಕ್ಕಿತು. “ಇನ್ನೇನೂ ಮುಟ್ಟಬೇಡಿ. ನನ್ನ ಮಗಳಿಗೆ ಅದೇ ಇರಲಿ.”

ಹೊಸ ಸೆಟ್ ಪೆಟ್ಟಿಗೆಗೆ ಮರಳಿತು. ಅಕ್ಕ ಗರಗಸವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

“ಅದ್ಯಾಕೆ ನಿಂಗೆ?”

“ನಿನ್ನ ಕೈಗೆ ಸಿಗದೆ ಇರ್ಲಿ ಅಂತ. ಒಂದು ಹಾಡು ಹಾಕು, ಅಂಗಡಿವರೆಗೂ ಕೇಳ್ಬೇಕು.”

ತಮ್ಮ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಅಂಗಡಿ ಮುಟ್ಟಿ, ಬೀಗ ತೆಗೆಯುವಾಗಲೂ ಅಕ್ಕನಿಗೆ ಆ ಹಾಡು ಕೇಳಿಸುತ್ತಿತ್ತು.