ಗಿರಿಜಕ್ಕನ ಚಿಲಕಗಳು

ಕಳೆದ ವಾರ ಬಚ್ಚಲಮನೆಯ ಬಾಗಿಲಿಗೆ ಚಿಲಕ ತರಲು ಕಲಾಸಿಪಾಳ್ಯದ ಹತ್ತಿರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಗಾಜಿನ ಮೇಲೆ ನಾಲ್ಕಾರು ಬಗೆ ಹರಡಿದರು. ನಾನು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯತೊಡಗಿದೆ. ಒಳ್ಳೆಯ ಹಿತ್ತಾಳೆ ಚಿಲಕ ಕೊನೆ ಮುಟ್ಟಿದಾಗ ‘ಟಕ್’ ಎನ್ನಬೇಕು. ಅವರು ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿ, “ಸಾರ್, ಬಾತ್‌ರೂಮಿಗೆ ತಾನೆ? ಬಾಗಿಲು ಹಾಕ್ಕೊಂಡ್ರೆ ಸಾಕಲ್ವಾ?” ಎಂದರು. “ಹೌದು, ಆದ್ರೆ ನಾನು ಇಷ್ಟು ದಿನ ಚಿಲಕ ತಗೊಳ್ತಿದ್ದದ್ದು ರೈಲಿಗೆ” ಎಂದೆ. ಅವರು ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಬೇರೆ ಗಿರಾಕಿಯ ಕಡೆ ತಿರುಗಿಕೊಂಡರು.

ನೀವು ಹಾಗೆ ತಿರುಗಿಕೊಳ್ಳುವ ಮೊದಲೇ ಪೂರ್ತಿ ಹೇಳಿಬಿಡುತ್ತೇನೆ.

ನಮ್ಮ ಮನೆ ಚಾಮರಾಜಪೇಟೆಯಲ್ಲಿದೆ. ಅಪ್ಪ ಅವೆನ್ಯೂ ರಸ್ತೆಯಲ್ಲಿ ನೋಟುಪುಸ್ತಕ, ಪೆನ್ಸಿಲು ಮಾರುವ ಅಂಗಡಿ ಇಟ್ಟಿದ್ದವರು. ವ್ಯಾಪಾರಸ್ಥರ ಮನೆಯಲ್ಲಿ ಖಾಲಿ ಜಾಗ ಎಂಬುದೇ ಇರುವುದಿಲ್ಲ. ಕಂಡರೆ ಯಾರಾದರೂ ಒಂದು ಬಂಡಲು ತಂದು ಇಡುತ್ತಾರೆ. ಅಂಥ ಮನೆಯಲ್ಲಿ ಆಟಿಕೆ ರೈಲಿನ ಹುಚ್ಚು ಹಿಡಿಸಿಕೊಂಡವನು ನಾನು. ಶಾಶ್ವತವಾಗಿ ಹಳಿ ಹಾಕಲು ಜಾಗ ಕೇಳಿದ್ದರೆ ನನ್ನ ಹೆಂಡತಿ ವಿಮಲ ನನ್ನನ್ನೇ ಅಟ್ಟಕ್ಕೆ ಹಾಕುತ್ತಿದ್ದಳು. ಹಾಗಾಗಿ ಪ್ಲೈವುಡ್ಡಿನ ಎರಡು ಹಲಗೆಗಳಿಗೆ ಬಾಗಿಲ ಕೀಲು ಜೋಡಿಸಿ, ಪುಸ್ತಕದಂತೆ ಮಡಚುವ ಒಂದು ಬೋರ್ಡು ಮಾಡಿದೆ. ಬಿಚ್ಚಿದರೆ ಗುಡ್ಡ, ಸುರಂಗ, ಸ್ಟೇಷನ್ನು, ಸುತ್ತ ಓಡುವ ರೈಲು. ಮಡಚಿದರೆ ಮಂಚದಡಿ.

ಈ ಬೋರ್ಡಿಗೆ ದಸರಾದಲ್ಲಿ ಭಾರಿ ಬೇಡಿಕೆ. ನಮ್ಮ ಬೊಂಬೆಗಳ ಮುಂದೆ ಒಂದು ಸಲ ಓಡಿಸಿದ್ದೇ ತಡ, ಬೊಂಬೆ ನೋಡಲು ಬಂದವರೆಲ್ಲ, “ನಮ್ಮನೆಗೂ ತನ್ನಿ” ಎಂದು ಶುರುಮಾಡಿದರು. ಅಂದಿನಿಂದ ನವರಾತ್ರಿಯ ಸಂಜೆಗಳಲ್ಲಿ ಬೋರ್ಡು ಆಟೋ ಏರಿ ಬಸವನಗುಡಿ, ಮಾವಳ್ಳಿ ಎಂದು ತಿರುಗತೊಡಗಿತು. ಗಾಡಿ ಓಡಿಸುವವನು ನಾನು. ಹಳಿ ಬದಲಿಸುವವಳು ನನ್ನ ಅಕ್ಕ ಗಿರಿಜ.

ಹಳಿ ಬದಲಿಸುವುದು ಎಂದರೇನೆಂದು ಹೇಳಬೇಕು. ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗವನ್ನು ಪಾಯಿಂಟ್ ಎನ್ನುತ್ತಾರೆ. ಅಲ್ಲಿ ಎರಡು ಚೂಪು ಹಳಿತುಂಡುಗಳು ಒಂದಿಷ್ಟು ಸರಿದರೆ ಗಾಡಿ ಸ್ಟೇಷನ್ನಿಗೆ. ಮರಳಿ ಸರಿದರೆ ಪಕ್ಕದ ದಾರಿಗೆ. ಅರ್ಧಕ್ಕೆ ನಿಂತರೆ ಗಾಡಿ ಮಲಗುತ್ತದೆ. ಜನ ಚಪ್ಪಾಳೆ ತಟ್ಟುವುದು ಓಡಿಸುವವನಿಗೆ. ಮಾನ ಉಳಿಸುವುದು ಪಾಯಿಂಟಿನವರು. ಅಕ್ಕ ಆ ಕಾಲದಲ್ಲಿ ಬಗ್ಗಿ ಬೆರಳಿನ ತುದಿಯಿಂದಲೇ ಪಾಯಿಂಟು ಸರಿಸುತ್ತಿದ್ದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಕೈ, ಕರಿಹಲಗೆಯ ಮೇಲೆ ಅಳತೆಪಟ್ಟಿಯಿಲ್ಲದೆ ನೇರ ಗೆರೆ ಎಳೆಯುತ್ತಿದ್ದ ಕೈ. ಮದುವೆಯ ಮಾತೆತ್ತಿದವರನ್ನೆಲ್ಲ ಅದೇ ಕೈ ಬೀಸಿ ಅಟ್ಟಿ, ನಮ್ಮ ಜೊತೆಯಲ್ಲೇ ಉಳಿದವಳು ಅವಳು.

ಕೆಲವು ವರ್ಷಗಳ ಹಿಂದೆ ಆ ಬಲಗೈ ನಡುಗತೊಡಗಿತು. ಡಾಕ್ಟರು ಒಂದು ಹೆಸರು ಹೇಳಿ ಮಾತ್ರೆ ಬರೆದರು. ಅಕ್ಕ ಕಾಯಿಲೆಗೆ ಹೆದರುವವಳಲ್ಲ, ಆದರೆ ಒಂದು ಸಂಜೆ ಯಾರದೋ ಮನೆಯಲ್ಲಿ ತುಂಬಿದ ಕಾಫಿ ಲೋಟ ಅವಳ ಕೈಯಿಂದ ಬೊಂಬೆಗಳ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು. ಎಲ್ಲರೂ ಒಟ್ಟಿಗೆ “ಪರವಾಗಿಲ್ಲ, ಪರವಾಗಿಲ್ಲ” ಎಂದರು. ಅದೇ ಅವಳಿಗೆ ಚುಚ್ಚಿತು. ಆಮೇಲೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳತೊಡಗಿದಳು. ಮದುವೆ, ಗೃಹಪ್ರವೇಶ ಯಾವುದಕ್ಕೂ ಹೋಗುವುದು ನಿಂತಿತು. ಹಳೆಯ ವಿದ್ಯಾರ್ಥಿನಿಯರು ಬಂದರೆ ನಿದ್ದೆ ಎಂದು ಹೇಳಿಸುತ್ತಿದ್ದಳು. ದಸರಾ ಹತ್ತಿರ ಬಂದಾಗ, “ಈ ಸಲ ನೀವಿಬ್ರೇ ಹೋಗ್ಬನ್ನಿ” ಅಂದಳು. ಅಕ್ಕ ಒಮ್ಮೆ ಮನೆಯೊಳಗೆ ಉಳಿದುಬಿಟ್ಟರೆ ಮತ್ತೆ ಹೊರಗೆ ಬರುವವಳಲ್ಲ ಎಂದು ನನಗೂ ವಿಮಲಳಿಗೂ ಗೊತ್ತಿತ್ತು.

ಆದರೆ ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿದವನು. ಪ್ರಪಂಚದ ಯಾವ ದುಃಖಕ್ಕಾದರೂ ಒಂದು ಸ್ವಿಚ್ಚು ಹಾಕಬಹುದು ಎಂಬುದು ನನ್ನ ನಂಬಿಕೆ. ಪಾಯಿಂಟುಗಳಿಗೆಲ್ಲ ಕಾಯಿಲಿನ, ಅಂದರೆ ತಂತಿಸುರುಳಿಯ, ಮೋಟಾರು ಕೂರಿಸಿ, ಕೆಂಪು ಹಸಿರು ಗುಂಡಿಗಳ ಒಂದು ಪೆಟ್ಟಿಗೆ ಮಾಡಿದೆ. ಬಗ್ಗುವುದು ಬೇಡ, ಬೆರಳ ನಾಜೂಕು ಬೇಡ, ಕುರ್ಚಿಯಲ್ಲಿ ಕೂತು ಒತ್ತಿದರೆ ಸಾಕು. ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

“ಒತ್ತು ಅಕ್ಕ.”

ಅಕ್ಕ ಒತ್ತಿದಳು. ಒಂದು ಸಲ ಒತ್ತಬೇಕಾದ ಗುಂಡಿಯನ್ನು ಅವಳ ಹೆಬ್ಬೆರಳು ಎಷ್ಟು ಸಲ ಒತ್ತಿತೋ, ಪಕ್ಕದ ಗುಂಡಿಯನ್ನೂ ತಟ್ಟಿತು. ಪಾಯಿಂಟು ಆ ಕಡೆ ಈ ಕಡೆ ಪಟಪಟನೆ ಬಡಿದುಕೊಂಡಿತು, ಎಂಜಿನ್ನು ಒಂದು ದಾರಿಗೂ ಡಬ್ಬಿ ಇನ್ನೊಂದು ದಾರಿಗೂ ಹೋಗಿ ಎಲ್ಲ ಅಡ್ಡ ಬಿದ್ದವು. ಕಾಯಿಲು ಸುಟ್ಟು ಹೊಗೆಯ ವಾಸನೆ ಬಂತು. ವಿಮಲ ಅಡುಗೆಮನೆಯಿಂದ ಓಡಿಬಂದಳು.

ಅಕ್ಕ ಕೈಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡು, “ನಿನ್ ಗುಂಡಿ ಚೆನ್ನಾಗಿದೆ ಕಣೋ. ನನ್ ಬೆರಳು ಜಾಸ್ತಿ ಮಾತಾಡುತ್ತೆ, ಅಷ್ಟೆ” ಅಂದಳು. ಯಾರಾದರೂ ಬಂದು ನೋಡಿಯಾರೆಂದು ಎದ್ದು ಹೋಗಿ ಬೀದಿ ಬಾಗಿಲು ಹಾಕಿದಳು.

ಅವಳು ಬಾಗಿಲು ಹಾಕಿದ್ದನ್ನು ನಾನು ನೆಲದ ಮೇಲೆ ಡಬ್ಬಿಗಳ ನಡುವೆ ಕೂತು ನೋಡುತ್ತಿದ್ದೆ. ನಮ್ಮ ಬೀದಿ ಬಾಗಿಲಿಗೆ ಅಜ್ಜನ ಕಾಲದ ದಪ್ಪ ಚಿಲಕ; ಅದನ್ನು ಗಟ್ಟಿಯಾಗಿ ಹಿಡಿದೇ ಎಳೆಯಬೇಕು. ಅಕ್ಕ ಹಿಡಿದಳು, ಎಳೆದಳು, ಅದು ‘ಟಕ್’ ಎಂದು ಕೂತಿತು. ಅಷ್ಟು ಹೊತ್ತೂ ಅವಳ ಕೈ ನಡುಗಲಿಲ್ಲ.

“ಅಕ್ಕ, ಇನ್ನೊಂದ್ಸಲ ಚಿಲಕ ತೆಗೆದು ಹಾಕು.”

“ಯಾಕೋ?”

“ಸುಮ್ನೆ.”

ತೆಗೆದಳು, ಹಾಕಿದಳು. ಬಿಟ್ಟ ಕೂಡಲೇ ಬೆರಳುಗಳು ಮತ್ತೆ ಅಲ್ಲಾಡತೊಡಗಿದವು. ನಾನು ನೋಡಿದ್ದನ್ನು ಹೇಳಿದೆ. ಅಕ್ಕ ನಕ್ಕಳು. “ಅದೇನ್ ಹೊಸಾ ವಿಷ್ಯ? ಸುಮ್ನಿದ್ದಾಗ್ಲೇ ಇದಕ್ಕೆ ಚೇಷ್ಟೆ. ತೂಕದ್ದು ಏನಾದ್ರೂ ಕೊಟ್ರೆ ಸುಮ್ನಾಗುತ್ತೆ. ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ.” ಕೇಳುವ ಬುದ್ಧಿ ಎಲೆಕ್ಟ್ರಿಕಲ್‌ನವರಿಗೆ ಎಲ್ಲಿಂದ ಬರಬೇಕು.

ಮರುದಿನವೇ ಹಿತ್ತಾಳೆ ಚಿಲಕಗಳೂ ಸೈಕಲ್ಲಿನ ಬ್ರೇಕ್ ವೈರೂ ಮನೆಗೆ ಬಂದವು. ಬೋರ್ಡಿನ ಅಂಚಿಗೆ ಸಾಲಾಗಿ ಚಿಲಕ ಬಿಗಿದೆ. ಒಂದೊಂದರ ಹಿಡಿಯಿಂದ ಒಂದೊಂದು ವೈರು ಹಲಗೆಯ ಕೆಳಗೆ ಹಾದು ತನ್ನ ಪಾಯಿಂಟನ್ನು ಸೇರುತ್ತದೆ. ಚಿಲಕ ಮುಂದೆ ಹೋದರೆ ದಾರಿ ಸ್ಟೇಷನ್ನಿಗೆ, ಹಿಂದೆ ಬಂದರೆ ಪಕ್ಕಕ್ಕೆ. ಅರ್ಧಕ್ಕೆ ನಿಲ್ಲುವ ಭಯವಿಲ್ಲ, ಟಕ್ ಎನ್ನುವವರೆಗೆ ಎಳೆದರಾಯಿತು. ಒಂದೇ ತೊಡಕು: ಬೋರ್ಡು ಮಡಚುವ ಜಾಗದಲ್ಲಿ ವೈರು ದಾಟುವಂತಿಲ್ಲ, ಮಡಚಿದರೆ ಮುರಿಯುತ್ತದೆ. ಆದ್ದರಿಂದ ಹಳಿಯನ್ನೆಲ್ಲ ಕಿತ್ತು, ಪಾಯಿಂಟುಗಳಷ್ಟನ್ನೂ ಒಂದೇ ಹಲಗೆಗೆ ತಂದೆ. ಆ ಹಲಗೆಗೆ ನಮ್ಮ ಮನೆಯಲ್ಲಿ ಅಕ್ಕನ ಹೋಬಳಿ ಎಂದೇ ಹೆಸರಾಯಿತು. ನನ್ನ ಪಾಲಿಗೆ ಸುರಂಗವೂ ಎರಡು ಹಸುಗಳೂ ಉಳಿದವು.

ಅಕ್ಕ ಒಂದು ವಾರ ಅಭ್ಯಾಸ ಮಾಡಿದಳು. ಚಿಲಕಗಳಿಗೆ ಎಣ್ಣೆ ಬಿಟ್ಟಳು, ಬಿಗಿಯಾದದ್ದನ್ನು ಬಿಗಿ ಎಂದಳು, ಸಡಿಲಾದದ್ದನ್ನು ನನ್ನ ಕೈಲಿ ಬದಲು ಮಾಡಿಸಿದಳು. ಆದರೂ ಹೊರಗೆ ಬರುತ್ತೇನೆಂದು ಹೇಳಲಿಲ್ಲ. ಬಸವನಗುಡಿಯ ಶಾಂತಮ್ಮನವರ ಮನೆಗೆ ಹೋಗಬೇಕಾದ ಸಂಜೆ ಬೋರ್ಡನ್ನು ಆಟೋಗೆ ಏರಿಸುತ್ತಿದ್ದೆವು. ವಿಮಲ ತೀರ ಸಾದಾ ಧ್ವನಿಯಲ್ಲಿ, “ಅಕ್ಕ, ನೀವು ಬರ್ದಿದ್ರೆ ಚಿಲಕ ನಾನೇ ಎಳೀತೀನಿ ಬಿಡಿ” ಎಂದಳು. ಅಕ್ಕ ಚಪ್ಪಲಿ ಹಾಕಿಕೊಂಡಳು. ತನ್ನ ಚಿಲಕಕ್ಕೆ ಇನ್ನೊಬ್ಬರು ಕೈ ಹಾಕುವುದು ಅವಳಿಗೆ ಆಗದ ಮಾತು.

ಶಾಂತಮ್ಮನವರ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಗಾಡಿ ಬಿಟ್ಟೆ. ಅಕ್ಕ ತನ್ನ ಕುರ್ಚಿಯಲ್ಲಿ ಎಡಗೈಯಿಂದ ಸೆರಗು ಹಿಡಿದು, ಬಲಗೈಯನ್ನು ಚಿಲಕದ ಮೇಲಿಟ್ಟು ಕೂತಿದ್ದಳು. ಸ್ಟೇಷನ್ನಿನ ಮುಖ್ಯ ಹಳಿಯ ಮೇಲೆ ಎಂಜಿನ್ನು ಬಿಚ್ಚಿದ ಗೂಡ್ಸ್ ಡಬ್ಬಿಗಳು ನಿಂತಿದ್ದವು. ಅಷ್ಟರಲ್ಲಿ ಯಾರೋ ಈ ಗುಡ್ಡ ಯಾವುದರಿಂದ ಮಾಡಿದ್ದು ಎಂದು ಕೇಳಿದರು. ಇಂಥ ಪ್ರಶ್ನೆ ಬಂದರೆ ನಾನು ಹಳೆಯ ಪೇಪರು, ಮೈದಾ ಅಂಟು, ಮರದ ಪುಡಿ ಎಂದು ಬುಡದಿಂದ ಶುರುಮಾಡುತ್ತೇನೆ. ಮರದ ಪುಡಿಗೆ ಬರುವಷ್ಟರಲ್ಲಿ ಪ್ಯಾಸೆಂಜರ್ ಗಾಡಿ ಸುರಂಗದಿಂದ ಹೊರಬಿದ್ದು ನೇರ ಆ ಡಬ್ಬಿಗಳ ಕಡೆಗೆ ಹೊರಟಿತ್ತು. ನಾನು ತಿರುಗುವ ಮೊದಲೇ ‘ಟಕ್’ ಎಂಬ ಸದ್ದು ಕೇಳಿತು. ಗಾಡಿ ಡಬ್ಬಿಗಳ ಪಕ್ಕಕ್ಕೆ ಸರಿದು ಸಲೀಸಾಗಿ ಹೋಯಿತು.

“ಮಾತು ಕಮ್ಮಿ ಮಾಡಿ ಗಾಡಿ ನೋಡು” ಎಂದಳು ಅಕ್ಕ, ಇಡೀ ತರಗತಿಗೆ ಕೇಳುವ ಹಳೆಯ ಧ್ವನಿಯಲ್ಲಿ. ಹಾಲೆಲ್ಲ ನಕ್ಕಿತು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಆಮೇಲೆ ಕಾಫಿ ಬಂತು. ತಟ್ಟೆ ಅಕ್ಕನ ಮುಂದೆ ನಿಂತಿತು. ವಿಮಲ ತಾನೇ ಲೋಟ ತೆಗೆದುಕೊಡಲು ಮುಂದಾದಳು. ಅಕ್ಕ ಅವಳನ್ನು ಕಣ್ಣಲ್ಲೇ ತಡೆದು, “ಶಾಂತಮ್ಮ, ನಂಗೆ ಅರ್ಧ ಲೋಟ ಕೊಡಿ. ನನ್ ಕೈ ನಡುಗುತ್ತೆ” ಅಂದಳು. ಶಾಂತಮ್ಮ, “ಅದಕ್ಕೇನಂತೆ, ಎರಡು ಸಲ ಅರ್ಧರ್ಧ ಕುಡೀರಿ” ಎಂದು ಅರ್ಧ ಕಾಫಿಯನ್ನು ಇನ್ನೊಂದು ಲೋಟಕ್ಕೆ ಸುರಿದುಕೊಟ್ಟರು. ಅಷ್ಟೆ. ತಿಂಗಳುಗಟ್ಟಲೆ ಸೆರಗಿನೊಳಗೆ ಬಚ್ಚಿಟ್ಟದ್ದನ್ನು ಅಕ್ಕ ಒಂದೇ ಮಾತಿನಲ್ಲಿ ಹೊರಗಿಟ್ಟಳು. ವಾಪಸು ಬರುವಾಗ ಆಟೋದವನು, “ಏನ್ ಮೇಡಂ ಇದು, ಹಾರ್ಮೋನಿಯಮ್ಮಾ?” ಎಂದು ಕೇಳಿದರೆ, “ಅಲ್ಲಪ್ಪಾ, ರೈಲು. ನಾನು ಅದರ ಪಾಯಿಂಟ್ಸ್‌ಮನ್ನು” ಎಂದು ದಾರಿಯುದ್ದಕ್ಕೂ ಅವನಿಗೆ ವಿವರಿಸಿದಳು.

ಅಲ್ಲಿಂದೀಚೆಗೆ ಒಂದು ದಸರಾವನ್ನೂ ಅಕ್ಕ ತಪ್ಪಿಸಿಲ್ಲ. ಆದರೆ ಕಾಯಿಲೆ ಯಾರ ದಾಕ್ಷಿಣ್ಯಕ್ಕೂ ನಿಲ್ಲುವುದಿಲ್ಲ. ಮಾತ್ರೆ ಹೆಚ್ಚಿವೆ, ನಡಿಗೆ ನಿಧಾನವಾಗಿದೆ. ಚಿಲಕ ಹಿಡಿದರೂ ಈಗ ಕೈ ಪೂರ್ತಿ ಸುಮ್ಮನಾಗುವುದಿಲ್ಲ. ಕಳೆದ ವಾರ ಆ ಅಂಗಡಿಯಿಂದ ಬಂದವನು ಹಾಲಿನಲ್ಲಿ ಬೋರ್ಡು ಬಿಚ್ಚಿ, ಈ ವರ್ಷಕ್ಕೆ ಇನ್ನೂ ದಪ್ಪ ಚಿಲಕ ಹಾಕಿದರೆ ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ. ಅಕ್ಕನನ್ನು ನೋಡಲು ಹಳೆಯ ವಿದ್ಯಾರ್ಥಿನಿಯರು ಮೂರು ನಾಲ್ಕು ಜನ ಬಂದು ಕೂತಿದ್ದರು.

“ದಪ್ಪ ಚಿಲಕ ಬೇಡ” ಅಂದಳು ಅಕ್ಕ. “ಈ ಸಲ ಚಿಲಕ ನೀನು ನೋಡ್ಕೋ. ಗಾಡಿ ನಾನು ಓಡಿಸ್ತೀನಿ.”

ಗಾಡಿಯ ವೇಗದ ತಿರುಗುಗುಂಡಿ ಬಲು ನಾಜೂಕು, ಕೂದಲೆಳೆಯಷ್ಟು ಕೈ ಅಲ್ಲಾಡಿದರೂ ಎಂಜಿನ್ನಿಗೆ ಗೊತ್ತಾಗುತ್ತದೆ. ಅಷ್ಟು ಜನರ ಮುಂದೆ ಬೇಡವೆನಿಸಿ, ಮೆಲ್ಲಗೆ, “ಅಕ್ಕ, ಕೈ ಅಲ್ಲಾಡಿದ್ರೆ ಗಾಡೀನೂ ಅಲ್ಲಾಡುತ್ತೆ” ಎಂದೆ.

“ಅಲ್ಲಾಡಲಿ. ಊರು ಸೇರಿದ್ರೆ ಸಾಲ್ದಾ?”

ನಾನು ಎದ್ದು ಅವಳ ಕುರ್ಚಿಗೆ ಹೋದೆ. ಅವಳು ನನ್ನ ಜಾಗದಲ್ಲಿ ಕೂತು ಗುಂಡಿ ಹಿಡಿದಳು. ಗಾಡಿ ಮುಗ್ಗರಿಸಿ ಹೊರಟಿತು, ತಡೆಯಿತು, ಮತ್ತೆ ಹೊರಟಿತು. ಅವಳ ಕೈ ನಡುಗಿದ ಹಾಗೇ ನಡುಗುತ್ತ, ಒಂದು ಡಬ್ಬಿಯೂ ಬೀಳದೆ, ಸುರಂಗ ದಾಟಿ ಬೆಳಕಿಗೆ ಬಂತು. ಎಲ್ಲರೂ ನೋಡುತ್ತಿದ್ದರು. ನನ್ನ ಕಣ್ಣು ಮಂಜಾಗಿ ಯಾವ ಚಿಲಕ ಯಾವುದರದೆಂದು ತಿಳಿಯದೆ ನಾನು ಹಾಗೇ ಕೂತಿದ್ದೆ.

“ಏನೋ ನೋಡ್ತಾ ಕೂತ್ಬಿಟ್ಟೆ?” ಅಂದಳು ಅಕ್ಕ. “ಗಾಡಿ ಬರ್ತಿದೆ. ದಾರಿ ಕೊಡು.”

ಕೊಟ್ಟೆ.